ಗಡಿ ಅಳಿದರೆ ಬ್ಯಾಂಕು ಬೆಳೆಯುವುದೇ?

(ಅಂತಿಮ ಬಿ.ಎ. ವಿದ್ಯಾರ್ಥಿ, ಅರ್ಥಶಾಸ್ತ್ರ ವಿಭಾಗ)

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ “ಮಾರುಕಟ್ಟೆಗಳ ಏಕೀಕರಣದಿಂದ ಬ್ಯಾಂಕುಗಳ ಉತ್ಪಾದಕತೆ ಹೆಚ್ಚುತ್ತದೆ” ಎಂಬ ವಿಷಯವಿತ್ತು. ನಾನು ಅದರ ಪರವಾಗಿ ಮಾತನಾಡಿ ಎರಡನೆಯ ಬಹುಮಾನ ಪಡೆದೆ. ಯುರೋಪಿನ ಉದಾಹರಣೆ ಕೊಟ್ಟೆ. ಗಡಿಗಳು ಅಳಿದಂತೆ ಸ್ಪರ್ಧೆ ಬೆಳೆಯುವುದು, ಸ್ಪರ್ಧೆ ಬೆಳೆದಂತೆ ಸೋಮಾರಿ ಬ್ಯಾಂಕು ಚುರುಕಾಗುವುದು ಎಂದು ಕೈಯೆತ್ತಿ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಅದೇ ಭಾಷಣವನ್ನು ಅಂದು ರಾತ್ರಿ ಹುಣಸಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮುತ್ಯಾನಿಗೆ ಒಪ್ಪಿಸಿದೆ. ಎಂಬತ್ತೈದು ದಾಟಿದ ಮುತ್ಯಾ ಎಲ್ಲವನ್ನೂ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತ ಒಂದೇ ಪ್ರಶ್ನೆ ಕೇಳಿದ: “ಎರಡು ಬ್ಯಾಂಕ ಒಂದಾದ್ವು ಅಂತಿ, ಛಲೋ ಆತು. ಹಂಗಾರ ಇನ್ನ ಮ್ಯಾಲೆ ನಾವು ಎಷ್ಟ ಸಲ ಹೋಗಬೇಕು?”

ನನಗೆ ಉತ್ತರ ತೋಚಲಿಲ್ಲ. ತೀರ್ಪುಗಾರರಾಗಿದ್ದ ಅಧ್ಯಾಪಕ ಮಹನೀಯರು ಕೇಳದ ಪ್ರಶ್ನೆ ಅದು. ಬಹುಮಾನವನ್ನು ಹಿಂದಿರುಗಿಸುವ ಮನಸ್ಸು ನನಗಿಲ್ಲ, ಆದರೆ ಅಂದು ಆಡಿದ ಮಾತಿನಲ್ಲಿ ಅರ್ಧವನ್ನಾದರೂ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಅದಕ್ಕಾಗಿ ಈ ಲೇಖನ.

ಗಡಿ ಎಂದರೇನು, ಅದು ಅಳಿಯುವುದೆಂದರೇನು ಎಂಬುದನ್ನು ತಿಳಿಯಲು ನಮ್ಮ ಸೀಮೆಯವರು ಯುರೋಪಿಗೆ ಹೋಗಬೇಕಾದುದಿಲ್ಲ. ಹುಣಸಗಿಯಿಂದ ತಾಳಿಕೋಟೆಯ ಹಾದಿ ಹಿಡಿದರೆ ಸಾಕು. ತಾಳಿಕೋಟೆ ಎಂದೊಡನೆ ಇತಿಹಾಸ ವಿಭಾಗದ ಮಿತ್ರರಿಗೆ 1565ರ ಯುದ್ಧ ನೆನಪಾಗುತ್ತದೆ. ನಮಗೆ ಮಾತ್ರ ಅದು ಪೇಟೆ. ಸುರಪುರ ಸಂಸ್ಥಾನವು 1858ರ ದಂಗೆಯ ನಂತರ ತನ್ನ ರಾಜನನ್ನು ಕಳೆದುಕೊಂಡು 1860ರಲ್ಲಿ ನಿಜಾಮರಿಗೆ ಸೇರಿತು. ಅಂದಿನಿಂದ ಹುಣಸಗಿ ಹೈದರಾಬಾದಿನ ಪ್ರಜೆ, ತಾಳಿಕೋಟೆ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯ ಪ್ರಜೆ. ಮಾತು ಒಂದೇ, ಬೀಗತನ ಒಂದೇ, ಜೋಳವೂ ಒಂದೇ; ಆದರೆ ರೂಪಾಯಿ ಎರಡು. ಆಚೆಯವರು ನಮ್ಮ ಸೀಮೆಯನ್ನು ‘ಮೊಗಲಾಯಿ’ ಎಂದು ಕರೆಯುತ್ತಿದ್ದರು. ಅದರಲ್ಲಿ ಸ್ವಲ್ಪ ತಾತ್ಸಾರವೂ ಬೆರೆತಿತ್ತೆಂದು ಮುತ್ಯಾ ಈಗಲೂ ಹೇಳುತ್ತಾನೆ.

ನಮ್ಮ ಕಡೆಯ ರೂಪಾಯಿ ಹಾಲಿ ಸಿಕ್ಕಾ, ಆಚೆಯದು ಕಲದಾರ. ನೂರು ಕಲದಾರ ರೂಪಾಯಿಗೆ ನೂರಾ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ ಹಾಲಿ ಎಂಬುದು ದರ. ಬಾಯಿಲೆಕ್ಕಕ್ಕೆ ಆರು ಕಲದಾರಕ್ಕೆ ಏಳು ಹಾಲಿ. ನಮ್ಮ ಮುತ್ಯಾನ ತಂದೆ ಹತ್ತಿ ಹೇರಿದ ಬಂಡಿ ಹೊಡೆದುಕೊಂಡು ತಾಳಿಕೋಟೆಗೆ ಹೋಗಿ ಮಾರಿದರೆ ಕೈಗೆ ಬರುತ್ತಿದ್ದುದು ಕಲದಾರ; ಊರಿಗೆ ಬಂದು ಕಂದಾಯ ಕಟ್ಟಬೇಕಾದುದು ಹಾಲಿಯಲ್ಲಿ. ನಡುವೆ ಸರಾಫ ಕುಳಿತಿದ್ದ. ದರ ಕಾಗದದ ಮೇಲೆ ಸ್ಥಿರವಾಗಿದ್ದರೂ ಅವನ ವಟ್ಟ ಸ್ಥಿರವಾಗಿರಲಿಲ್ಲ. ಸುಗ್ಗಿಯ ಕಾಲದಲ್ಲಿ, ಎಲ್ಲರಿಗೂ ಒಂದೇ ಸಲ ಹಾಲಿ ಬೇಕಾದಾಗ, ವಟ್ಟ ಏರುತ್ತಿತ್ತು. ಇದರ ಮೇಲೆ ಕರೋಡಗಿರಿ ಎಂಬ ಸುಂಕದ ನಾಕೆ ಬೇರೆ. ಒಂದು ಬಂಡಿ ಹತ್ತಿ ಎರಡು ಸರ್ಕಾರಗಳ ಮತ್ತು ಒಬ್ಬ ಸರಾಫನ ಕೈ ದಾಟಿ ಹಣವಾಗಬೇಕಾಗಿತ್ತು.

ಈ ಗಡಿಯನ್ನು ದಾಟಬಲ್ಲವನು ಒಬ್ಬನಿದ್ದ: ತಾಳಿಕೋಟೆಯ ಅಡತಿ ಅಂಗಡಿಯವನು. ಅವನ ಬಳಿ ಎರಡೂ ರೂಪಾಯಿ ಇರುತ್ತಿದ್ದವು. ಯಾರ ಹೊಲದಲ್ಲಿ ಏನು ಪೀಕಿದೆ, ಯಾರ ಮನೆಯಲ್ಲಿ ಮದುವೆಯಿದೆ, ಯಾರು ಕೊಟ್ಟ ಮಾತಿಗೆ ತಪ್ಪುವರು ಎಂಬುದು ಅವನಿಗೆ ಗೊತ್ತಿತ್ತು. ಬಿತ್ತುವ ಕಾಲಕ್ಕೆ ಉದ್ರಿ ಕೊಡುತ್ತಿದ್ದ, ಸುಗ್ಗಿಗೆ ಮಾಲು ತನ್ನ ಅಂಗಡಿಗೇ ಬರಬೇಕೆಂದು ಕಟ್ಟು ಹಾಕುತ್ತಿದ್ದ. ಬಡ್ಡಿ ಎಷ್ಟೆಂದು ಕೇಳಬಾರದು. ತೂಕದಲ್ಲಿ, ದರದಲ್ಲಿ, ದಲಾಲಿಯಲ್ಲಿ ಅದು ಹಂಚಿಹೋಗಿರುತ್ತಿತ್ತು. ನಾನು ಅವನನ್ನು ಹೊಗಳುತ್ತಿಲ್ಲ. ಎರಡು ದೇಶಗಳ ಮಾರುಕಟ್ಟೆಯನ್ನು ಸರ್ಕಾರಗಳಿಗಿಂತಲೂ ಬ್ಯಾಂಕುಗಳಿಗಿಂತಲೂ ಮೊದಲು ಏಕೀಕರಿಸಿದವನು ಅವನು ಎಂಬ ಸಂಗತಿಯನ್ನು ಮಾತ್ರ ವಾಚಕರು ಮನಸ್ಸಿನಲ್ಲಿಡಬೇಕು.

ಬ್ಯಾಂಕು ಬಂದುದು ತಡವಾಗಿ. ಹೈದರಾಬಾದ್ ಸ್ಟೇಟ್ ಬ್ಯಾಂಕು 1941ರ ಕಾಯಿದೆಯಂತೆ ಸ್ಥಾಪಿತವಾಗಿ 1942ರ ಏಪ್ರಿಲ್ 5ರಂದು ಹೈದರಾಬಾದಿನ ಗನ್‌ಫೌಂಡ್ರಿಯಲ್ಲಿ ಕೆಲಸ ಆರಂಭಿಸಿತು. ಉಸ್ಮಾನಿಯಾ ಸಿಕ್ಕಾ ನಾಣ್ಯದ ವ್ಯವಹಾರವನ್ನೂ ಸಂಸ್ಥಾನದ ಸಾಲದ ವ್ಯವಹಾರವನ್ನೂ ನೋಡಿಕೊಳ್ಳುವುದು ಅದರ ಕರ್ತವ್ಯವಾಗಿತ್ತು. ಜೊತೆಗೆ ಸಾಮಾನ್ಯ ಬ್ಯಾಂಕಿನ ಕೆಲಸ. ಅಂದರೆ ನಮ್ಮ ಸೀಮೆಯ ದೊಡ್ಡ ಬ್ಯಾಂಕಿನ ಶ್ರಮದಲ್ಲಿ ಒಂದು ಪಾಲು ಗಡಿ ಇದ್ದ ಕಾರಣಕ್ಕಾಗಿಯೇ ಹುಟ್ಟಿದ ಶ್ರಮ. ಎರಡು ನಾಣ್ಯವಿದ್ದರೆ ಎರಡು ಲೆಕ್ಕ ಬೇಕು, ಎರಡು ತಿಜೋರಿ ಬೇಕು, ಪರಿವರ್ತನೆಗೆ ಗುಮಾಸ್ತ ಬೇಕು. ಇವರೆಲ್ಲರೂ ಬೆಳಗಿನಿಂದ ಸಂಜೆಯವರೆಗೆ ದುಡಿಯುತ್ತಿದ್ದರು. ಆದರೆ ಆ ದುಡಿಮೆಯಿಂದ ಒಂದು ಎಕರೆಯೂ ಹೆಚ್ಚು ಬಿತ್ತಲ್ಪಡುತ್ತಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1950ರಲ್ಲಿ ಭಾರತದ ರೂಪಾಯಿ ಹಾಲಿಯ ಪಕ್ಕದಲ್ಲಿ ಚಲಾವಣೆಗೆ ಬಂದಿತು, ಆ ದಶಕದಲ್ಲಿಯೇ ಹಾಲಿ ಮರೆಯಾಯಿತು. ಸುಂಕದ ನಾಕೆಗಳೂ ಕೆಲವೇ ವರ್ಷಗಳಲ್ಲಿ ಹೋದುವು. 1956ರ ನವೆಂಬರ್ 1ರಂದು ಹುಣಸಗಿಯೂ ತಾಳಿಕೋಟೆಯೂ ಒಂದೇ ರಾಜ್ಯದೊಳಗೆ ಬಂದುವು. ಅದೇ ವರ್ಷ ರಿಸರ್ವ್ ಬ್ಯಾಂಕು ಹೈದರಾಬಾದಿನ ಬ್ಯಾಂಕನ್ನು ವಹಿಸಿಕೊಂಡಿತು, ಅದರ ಹೆಸರು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂದಾಯಿತು. ಪರಿವರ್ತನೆಯ ಗುಮಾಸ್ತನ ಕೈ ಬಿಡುವಾಯಿತು. ಅರ್ಥಶಾಸ್ತ್ರದ ಪುಸ್ತಕದ ಪ್ರಕಾರ ಇಲ್ಲಿಗೆ ಬ್ಯಾಂಕಿನ ಉತ್ಪಾದಕತೆ ಏರಬೇಕಾಗಿತ್ತು. ಬಿಡುವಾದ ಕೈಯಿಂದ ರೈತನಿಗೆ ಸಾಲ ಹೋಗಬೇಕಾಗಿತ್ತು.

ಹೋಯಿತೇ? 1951-52ರಲ್ಲಿ ರಿಸರ್ವ್ ಬ್ಯಾಂಕು ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯ ಒಂದು ಅಂಕಿಯನ್ನು ಎಲ್ಲ ವಿದ್ಯಾರ್ಥಿಗಳೂ ಬಾಯಿಪಾಠ ಮಾಡಿರುತ್ತಾರೆ. ರೈತನು ಪಡೆದ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡಾ 0.9, ಸಹಕಾರಿ ಸಂಘಗಳದು ಶೇಕಡಾ 3.1, ಲೇವಾದೇವಿಗಾರರದು ಶೇಕಡಾ 70ರಷ್ಟು. ಇದು ಇಡೀ ಭಾರತದ ಮಾತು, ನಮ್ಮ ತಾಲ್ಲೂಕೊಂದರದಲ್ಲ. ಗಡಿ ಇಲ್ಲದ ಸೀಮೆಗಳಲ್ಲಿಯೂ ಬ್ಯಾಂಕು ರೈತನ ಬಳಿಗೆ ಹೋಗಿರಲಿಲ್ಲ ಎಂಬುದು ಇದರಿಂದ ಸ್ಪಷ್ಟ. ನಾಣ್ಯ ಒಂದಾದುದರಿಂದ ಸರಾಫನ ಅಂಗಡಿ ಮುಚ್ಚಿತು, ಅಡತಿಯ ಅಂಗಡಿ ಮುಚ್ಚಲಿಲ್ಲ.

ಇನ್ನು ಯುರೋಪಿನ ಮಾತು; ಚರ್ಚೆಯಲ್ಲಿ ನಾನು ಬಹಳವಾಗಿ ನೆಚ್ಚಿದುದು ಅದನ್ನೇ. 1988ರಲ್ಲಿ ಪಾವೊಲೊ ಚೆಕ್ಕಿನಿ ಎಂಬವರ ನೇತೃತ್ವದ ವರದಿಯೊಂದು, ಗಡಿಗಳು ಅಳಿದರೆ ಹಣಕಾಸಿನ ಸೇವೆಗಳು ಅಗ್ಗವಾಗುವುವೆಂದು ಭರವಸೆ ಕೊಟ್ಟಿತು. 1989ರ ಎರಡನೆಯ ಬ್ಯಾಂಕಿಂಗ್ ನಿರ್ದೇಶನದಂತೆ ಒಂದು ದೇಶದ ಪರವಾನಗಿ ಪಡೆದ ಬ್ಯಾಂಕು ಇನ್ನೊಂದರಲ್ಲಿ ಶಾಖೆ ತೆರೆಯಬಹುದಾಯಿತು. 1993ರ ಆರಂಭದಿಂದ ಒಂದೇ ಮಾರುಕಟ್ಟೆ. 2002ರಲ್ಲಿ ಕೈಗೆ ಒಂದೇ ನೋಟು. ನಮ್ಮ ಸರಾಫನಂತೆ ಅಲ್ಲಿಯೂ ನಾಣ್ಯ ಬದಲಿಸುವವರು ಕೆಲಸ ಕಳೆದುಕೊಂಡರು. ಬ್ಯಾಂಕು ಬ್ಯಾಂಕಿಗೆ ಕೊಡುವ ದೊಡ್ಡ ಸಾಲಗಳು ಗಡಿಯನ್ನು ಸರಾಗವಾಗಿ ದಾಟಿದುವು. ಆದರೆ ಸಾಮಾನ್ಯ ಗೃಹಸ್ಥನ ಸಾಲ, ಸಣ್ಣ ಅಂಗಡಿಯವನ ಸಾಲ ಬಹುಮಟ್ಟಿಗೆ ತಮ್ಮ ದೇಶದ ಬ್ಯಾಂಕಿನಲ್ಲಿಯೇ ಉಳಿದುವು. 2008ರ ಬಿಕ್ಕಟ್ಟು ಬಂದಾಗ ಗಡಿ ದಾಟಿದ್ದ ದೊಡ್ಡ ಸಾಲವೂ ಮನೆಯ ಕಡೆ ಓಡಿತು. ಈ ಕೊನೆಯ ಭಾಗವನ್ನು ನಾನು ಭಾಷಣದಲ್ಲಿ ಹೇಳಿರಲಿಲ್ಲ. ಸಮಯ ಸಾಲದೆ ಬಿಟ್ಟೆ ಎಂದರೆ ಸುಳ್ಳಾಗುತ್ತದೆ.

ಕಾರಣ ಸರಳವಾಗಿದೆ. ಹಣಕ್ಕೆ ರೈಲು ಬೇಕಾಗಿಲ್ಲ, ಗಳಿಗೆಯಲ್ಲಿ ಹೋಗುತ್ತದೆ. ಸಾಲಗಾರನ ಪರಿಚಯ ಹಾಗೆ ಹೋಗುವುದಿಲ್ಲ.

ಈಗ ‘ಉತ್ಪಾದಕತೆ’ ಎಂಬ ಶಬ್ದವನ್ನೇ ಸ್ವಲ್ಪ ಹಿಡಿದು ನೋಡೋಣ. ಮಿಲ್ಲಿನಲ್ಲಿ ಒಬ್ಬ ಕೆಲಸಗಾರ ದಿನಕ್ಕೆ ಎಷ್ಟು ಗಜ ಬಟ್ಟೆ ನೇಯುತ್ತಾನೆಂದು ಅಳೆಯಬಹುದು. ಬ್ಯಾಂಕು ನೇಯುವುದೇನು? ನಮ್ಮ ಬ್ಯಾಂಕುಗಳ ವಾರ್ಷಿಕ ವರದಿಗಳಲ್ಲಿ ರೂಢಿಯಾಗಿರುವ ಅಳತೆ ‘ನೌಕರನೊಬ್ಬನ ತಲಾ ವ್ಯವಹಾರ’. ಠೇವಣಿಯನ್ನೂ ಸಾಲವನ್ನೂ ಕೂಡಿಸಿ ನೌಕರರ ಸಂಖ್ಯೆಯಿಂದ ಭಾಗಿಸುವುದು. ಐದು ಜನರಿರುವ ಶಾಖೆಯಲ್ಲಿ 50 ಕೋಟಿ ವ್ಯವಹಾರವಿದೆ ಎಂದಿಟ್ಟುಕೊಳ್ಳಿ. ತಲಾ 10 ಕೋಟಿ. ಒಬ್ಬರು ನಿವೃತ್ತರಾದರು, ಅವರ ಸ್ಥಾನ ತುಂಬಲಿಲ್ಲ. ಮರುದಿನ ತಲಾ ಹನ್ನೆರಡೂವರೆ ಕೋಟಿ! ಯಾರೂ ಬೆರಳೆತ್ತದೆ ಉತ್ಪಾದಕತೆ ಕಾಲುಭಾಗ ಏರಿತು. ಏರಿದುದು ವಾಸ್ತವವಾಗಿ ಕಿಟಕಿಯ ಮುಂದಿನ ಸರದಿ. ಇನ್ನೊಂದು ಬಗೆಯಿಂದಲೂ ನೋಡಬಹುದು. ಒಬ್ಬ ವ್ಯಾಪಾರಿಗೆ ಒಂದು ಕೋಟಿ ಕೊಡುವುದೂ ನೂರು ರೈತರಿಗೆ ಒಂದೊಂದು ಲಕ್ಷ ಕೊಡುವುದೂ ಈ ಅಳತೆಗೆ ಒಂದೇ. ನೂರು ಪಹಣಿ ನೋಡಿ, ನೂರು ಹೊಲ ತಿಳಿದ ಅಧಿಕಾರಿ ಈ ಲೆಕ್ಕದಲ್ಲಿ ಮಂದಗತಿಯವನಾಗಿ ಕಾಣುತ್ತಾನೆ.

ಪಂಡಿತರು ಇದಕ್ಕಿಂತ ಸೂಕ್ಷ್ಮವಾದ ಅಳತೆಗಳನ್ನು ಕಂಡುಹಿಡಿದಿದ್ದಾರೆ. ಸ್ವೀಡನ್ನಿನ ಸ್ಟೆನ್ ಮಾಲ್ಮಕ್ವಿಸ್ಟ್ 1953ರಲ್ಲಿ ಪ್ರಕಟಿಸಿದ ವಿಚಾರವೊಂದನ್ನು 1982ರ ಸುಮಾರಿಗೆ ಇತರರು ಉತ್ಪಾದಕತೆಗೆ ಅನ್ವಯಿಸಿದರು. ಅನಂತರದವರು ಅದನ್ನು ಎರಡಾಗಿ ಬಿಡಿಸಿದರು. ಹಿಂದೆ ಬಿದ್ದವನು ಮುಂದಿನವನನ್ನು ಹಿಡಿಯುವುದು ಒಂದು. ಮುಂದಿನವನೇ ಇನ್ನೂ ಮುಂದಕ್ಕೆ ಹೋಗುವುದು ಇನ್ನೊಂದು. ರೈತನ ಮಾತಿನಲ್ಲಿ ಹೇಳುವುದಾದರೆ, ಪಕ್ಕದವನಷ್ಟು ಚೆನ್ನಾಗಿ ಕುಂಟೆ ಹೊಡೆಯಲು ಕಲಿಯುವುದು ಬೇರೆ, ಊರಿಗೇ ಕಾಲುವೆ ಬರುವುದು ಬೇರೆ. ಗಡಿ ಅಳಿದಾಗ ಇವೆರಡರಲ್ಲಿ ಯಾವುದು ನಡೆಯಿತೆಂದು ಕೇಳುವುದು ಒಳ್ಳೆಯ ಪ್ರಶ್ನೆಯೇ. ಆದರೆ ಅಳತೆಗೆ ಹಾಕುವ ಫಲ ಮತ್ತೆ ಅದೇ ಠೇವಣಿ, ಅದೇ ಸಾಲವಾದರೆ ಸೂಕ್ಷ್ಮ ತಕ್ಕಡಿಯಲ್ಲಿ ಕಲ್ಲು ತೂಗಿದಂತೆಯೇ ಸರಿ.

ಕಾಲುವೆಯ ಮಾತು ಬಂದುದರಿಂದ ಹೇಳುತ್ತೇನೆ. ನಮ್ಮ ಭಾಗದ ಬ್ಯಾಂಕುಗಳಲ್ಲಿ ಹಣ ಓಡಾಡತೊಡಗಿದುದು ಯಾವ ವಿಲೀನದಿಂದಲೂ ಅಲ್ಲ, ನಾರಾಯಣಪುರದ ನೀರಿನಿಂದ. 1982ರಲ್ಲಿ ಬಸವಸಾಗರ ಜಲಾಶಯ ಮುಗಿಯಿತು, ಎಡದಂಡೆಯ ಕಾಲುವೆ ಹರಿಯಿತು, ಜೋಳ ಶೇಂಗಾ ಬೆಳೆಯುತ್ತಿದ್ದ ಎರೆಯಲ್ಲಿ ಭತ್ತ ಬಂದಿತು. ಗೊಬ್ಬರದ ಅಂಗಡಿ, ಅಕ್ಕಿಯ ಗಿರಣಿ, ಟ್ರ್ಯಾಕ್ಟರು, ಅವುಗಳ ಹಿಂದೆ ಸಾಲ. ಮುಂದೆ ಯಾರಾದರೂ ಸಂಶೋಧಕರು ನಮ್ಮ ಶಾಖೆಗಳ ಅಂಕಿ ತೆಗೆದು ‘ಏಕೀಕರಣದ ಫಲ’ ಎಂದು ಬರೆದರೆ, ಕೃಷ್ಣೆಗೆ ಸಲ್ಲಬೇಕಾದ ಕೀರ್ತಿಯನ್ನು ಕಡತಕ್ಕೆ ಕೊಟ್ಟಂತಾದೀತು.

ಹಾಗಾದರೆ ಗಡಿ ನಿಜವಾಗಿ ಅಳಿದುದು ಯಾವಾಗ? 1956 ಎಂದು ಎಲ್ಲರೂ ಹೇಳುವರು. ಗ್ರಾಮೀಣ ಬ್ಯಾಂಕಿನ ಮಟ್ಟಿಗೆ ಅದು 2025. 1975ರಲ್ಲಿ ನರಸಿಂಹಂ ಸಮಿತಿಯ ಸಲಹೆಯಂತೆ ಗ್ರಾಮೀಣ ಬ್ಯಾಂಕುಗಳು ಹುಟ್ಟಿದಾಗ, ಸಹಕಾರಿ ಸಂಘಕ್ಕಿರುವ ಊರಿನ ಪರಿಚಯವೂ ವಾಣಿಜ್ಯ ಬ್ಯಾಂಕಿಗಿರುವ ಶಿಸ್ತೂ ಅವುಗಳಲ್ಲಿ ಕೂಡಬೇಕೆಂಬುದು ಉದ್ದೇಶ. ಪ್ರತಿಯೊಂದಕ್ಕೂ ಇಂತಿಷ್ಟೇ ಜಿಲ್ಲೆಗಳೆಂದು ಕಾಯಿದೆಯಂತೆ ಎಲ್ಲೆ ಗೊತ್ತುಪಡಿಸಿದರು. ಕಲಬುರಗಿಯಲ್ಲಿ 1978ರಲ್ಲಿ ಕೃಷ್ಣಾ ಗ್ರಾಮೀಣ ಬ್ಯಾಂಕು ಬಂದಿತು. ಅದು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಡನೆ ಸೇರಿ ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಆಚೆ ವಿಜಯಪುರ ಜಿಲ್ಲೆಯಲ್ಲಿ ಬಿಜಾಪುರ ಗ್ರಾಮೀಣ ಬ್ಯಾಂಕಿತ್ತು. ಅದು 2005ರಲ್ಲಿ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅಂದರೆ ನಿಜಾಮರು ಹೋಗಿ ಮುಕ್ಕಾಲು ಶತಮಾನ ಕಳೆದರೂ ಗ್ರಾಮೀಣ ಬ್ಯಾಂಕಿನ ನಕ್ಷೆಯಲ್ಲಿ ಮೊಗಲಾಯಿಯ ಗೆರೆ ಹಾಗೆಯೇ ಇತ್ತು! 2025ರ ಮೇ 1ರಂದು ‘ಒಂದು ರಾಜ್ಯ, ಒಂದು ಗ್ರಾಮೀಣ ಬ್ಯಾಂಕು’ ಎಂಬ ನೀತಿಯಂತೆ ಬಳ್ಳಾರಿಯದೂ ಧಾರವಾಡದೂ ಒಂದಾದುವು. ದೇಶದಲ್ಲಿ 43 ಇದ್ದ ಗ್ರಾಮೀಣ ಬ್ಯಾಂಕುಗಳು 28ಕ್ಕೆ ಇಳಿದುವು. ನನ್ನ ಭಾಷಣಕ್ಕೆ ಸ್ಫೂರ್ತಿ ಬಂದುದು ಇದೇ ಸುದ್ದಿಯಿಂದ.

ಇಲ್ಲಿ ಮನೆಯ ಸಂಗತಿಯೊಂದನ್ನು ಹೇಳುವುದಕ್ಕೆ ಅಪ್ಪಣೆ ಬೇಡುತ್ತೇನೆ. ನಮ್ಮವ್ವನ ತವರು ತಾಳಿಕೋಟೆಯ ಕಡೆ. ಅವಳ ಪಾಲಿಗೆ ಬಂದ ಮೂರು ಎಕರೆ ಅಲ್ಲಿದೆ, ನಮ್ಮ ಐದು ಎಕರೆ ಇಲ್ಲಿದೆ. ಎರಡನ್ನೂ ನನ್ನ ಅಣ್ಣ ಮಾಡುತ್ತಾನೆ. ಎರಡು ವರ್ಷದ ಹಿಂದೆ ಮುಂಗಾರಿಗೆ ಮುಂಚೆ ಬೆಳೆಸಾಲಕ್ಕೆಂದು ಒಂದು ಬ್ಯಾಂಕಿನ ಶಾಖೆಗೆ ಹೋದ. ಯಾವ ಬ್ಯಾಂಕು ಎಂಬುದು ಮುಖ್ಯವಲ್ಲ. ಯಾವುದೇ ಆಗಿದ್ದರೂ ಪರಿಣಾಮ ಇದೇ ಆಗುತ್ತಿತ್ತೆಂದು ನನ್ನ ನಂಬಿಕೆ. ಆಚೆಯ ಹೊಲದ ಮೇಲೆ ಆಚೆಯ ಬ್ಯಾಂಕುಗಳಲ್ಲಿ ಬಾಕಿಯಿಲ್ಲವೆಂದು ಚೀಟಿ ತರಬೇಕೆಂದರು. ಆಚೆ ಹೋದರೆ, ನಿಮ್ಮ ಖಾತೆಯೇ ಇಲ್ಲಿ ಇಲ್ಲದಾಗ ಬಾಕಿಯಿಲ್ಲವೆಂದು ನಾವು ಹೇಗೆ ಬರೆದುಕೊಡುವುದು ಎಂದರು. ಮಾತು ಎರಡೂ ಕಡೆ ನ್ಯಾಯವಾದುದೇ. ನಾಲ್ಕು ಸಲ ತಿರುಗಿದ. ನಾಲ್ಕನೆಯ ಸಲ ತಿರುಗುವಾಗ ಮಳೆ ಹಿಡಿದುಕೊಂಡಿತು. ತಾಳಿಕೋಟೆಯ ಬಸ್ ನಿಲ್ದಾಣದಿಂದ ನೇರವಾಗಿ ಅಡತಿ ಅಂಗಡಿಗೆ ಹೋದ. ಬೀಜ ಗೊಬ್ಬರದ ಉದ್ರಿ ಅರ್ಧ ಗಂಟೆಯಲ್ಲಿ ಆಯಿತು. ಅಂಗಡಿಯವನು ಕೇಳಿದುದು ಎರಡೇ ಮಾತು: ಈ ಸಲ ಹತ್ತಿ ಎಷ್ಟು ಎಕರೆ? ಮುತ್ಯಾ ಹ್ಯಾಂಗದಾನ?

ಬ್ಯಾಂಕಿನ ಸಾಲವೂ ಕೊನೆಗೆ ಬಂದಿತು, ಬಿತ್ತಿಗೆ ಮುಗಿದ ಮೇಲೆ. ಅಂದು ಅದು ಆ ಶಾಖೆಯ ವ್ಯವಹಾರಕ್ಕೆ ಪೂರ್ತಿಯಾಗಿ ಜಮೆಯಾಯಿತು, ನೌಕರನ ತಲಾ ಲೆಕ್ಕಕ್ಕೆ ಸೇರಿತು. ನಮ್ಮಣ್ಣನ ನಾಲ್ಕು ದಿನ ಯಾವ ಲೆಕ್ಕಕ್ಕೂ ಸೇರಲಿಲ್ಲ. ಸುಗ್ಗಿಯಲ್ಲಿ ಹತ್ತಿಯನ್ನು ಬೇರೆ ಕಡೆ ಮಾರುವ ಸ್ವಾತಂತ್ರ್ಯ ಹೋದುದೂ ಸೇರಲಿಲ್ಲ.

ಈಗ ಎರಡೂ ಕಡೆಯ ಗ್ರಾಮೀಣ ಬ್ಯಾಂಕುಗಳ ಫಲಕ ಒಂದೇ. ಗಡಿ ಅಳಿದುದು ಒಳ್ಳೆಯದಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ಹಿರಿಯರು ಏಕೀಕರಣಕ್ಕಾಗಿ ಸೆರೆಮನೆ ಕಂಡವರು. ನಾನು ಗಡಿಯ ಪಕ್ಷ ವಹಿಸಲಾರೆ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದು ತಪಾಸಣೆಯ ನಾಕೆಗಳು ಹೋದಾಗ ಲಾರಿಗಳಿಗೆ ಅನುಕೂಲವಾದುದನ್ನು ಎಲ್ಲರೂ ಕಂಡಿದ್ದೇವೆ. ಫೋನಿನಲ್ಲಿ ಗಳಿಗೆಯೊಳಗೆ ಹಣ ಕಳಿಸುವ ಸೌಲಭ್ಯವೂ ಬಂದಿದೆ. ಎರಡು ಬ್ಯಾಂಕಿಗೆ ಒಂದೇ ಪ್ರಧಾನ ಕಚೇರಿ, ಒಂದೇ ಗಣಕದ ಲೆಕ್ಕ, ಒಂದೇ ನಮೂನೆ ಆದುದರಿಂದ ಉಳಿತಾಯವೂ ಆದೀತು. ನನ್ನ ತಕರಾರು ಇಷ್ಟೇ: ಹಾಗೆ ಉಳಿದ ಶ್ರಮ ಎಲ್ಲಿಗೆ ಹೋಗುವುದು? ಹಾಲಿ ಸಿಕ್ಕಾ ಹೋದಾಗ ಬಿಡುವಾದ ಗುಮಾಸ್ತ ರೈತನ ಬಳಿಗೆ ಬರಲಿಲ್ಲ. ಈಗ ಬಿಡುವಾಗುವವನ ಸ್ಥಾನವನ್ನೇ ತುಂಬದೆ ಬಿಟ್ಟು, ಭಾಜಕ ಕಡಿಮೆಯಾದುದನ್ನು ಪ್ರಗತಿ ಎಂದು ವರದಿಯಲ್ಲಿ ಬರೆದುಕೊಂಡರೆ, ಇತಿಹಾಸ ಎರಡನೆಯ ಸಲ ನಡೆದಂತಾಯಿತು. ಹುಣಸಗಿಯ ಶಾಖೆಗೆ ತಾಳಿಕೋಟೆಯ ಹೊಲ ಗೊತ್ತಿರುವ ಒಬ್ಬ ಕ್ಷೇತ್ರಾಧಿಕಾರಿಯನ್ನು ಅದೇ ಉಳಿತಾಯದಿಂದ ಕೊಟ್ಟರೆ, ಅದೇ ನಿಜವಾದ ಏಕೀಕರಣ ಎನ್ನುತ್ತೇನೆ. ತಲಾ ವ್ಯವಹಾರ ಆ ವರ್ಷ ಸ್ವಲ್ಪ ಇಳಿದರೂ ಇಳಿಯಲಿ.

‘ಬಾಕಿಯಿಲ್ಲದ ಚೀಟಿಯ ಕಾಟ ಗಣಕದಿಂದ ಹೋಗುತ್ತದೆ, ಇದಕ್ಕೆ ಅಧಿಕಾರಿ ಏಕೆ’ ಎಂದು ನನ್ನ ಗೆಳೆಯನೊಬ್ಬ ವಾದಿಸಿದ. ಚೀಟಿ ಹೋಗಬಹುದು. ಆದರೆ ಬಾಕಿಯಿದೆಯೇ ಎಂಬುದನ್ನು ಮಾತ್ರ ಗಣಕ ಹೇಳುತ್ತದೆ. ಮಳೆ ತಪ್ಪಿ ಒಂದು ವರ್ಷ ಬಾಕಿಯಾದವನು ಕೊಡುವ ಮನುಷ್ಯನೋ ಅಲ್ಲವೋ ಎಂಬುದನ್ನು ಹೇಳುವುದಿಲ್ಲ. ಅಡತಿಯವನ ಬಂಡವಾಳವೆಲ್ಲ ಇರುವುದು ಈ ಎರಡನೆಯ ತಿಳಿವಳಿಕೆಯಲ್ಲಿ. ಬ್ಯಾಂಕಿಗೆ ಪ್ರತಿಸ್ಪರ್ಧಿ ಗಡಿಯಾಚೆಯ ಇನ್ನೊಂದು ಬ್ಯಾಂಕು ಎಂದು ನಾನು ಚರ್ಚೆಯಲ್ಲಿ ಹೇಳಿದುದು ತಪ್ಪು. ಅದರ ಪ್ರತಿಸ್ಪರ್ಧಿ ತಾಳಿಕೋಟೆಯ ಪೇಟೆಯಲ್ಲಿ ಗಾದಿಯ ಮೇಲೆ ಕುಳಿತಿದ್ದಾನೆ.

ಈ ಬರುವ ಮುಂಗಾರಿಗೆ ಅಣ್ಣ ಮತ್ತೆ ಸಾಲಕ್ಕೆ ಹೋಗುವವನಿದ್ದಾನೆ. ಈ ಸಲ ಅವನ ಜೊತೆ ನಾನೂ ಹೋಗಿ, ಹೋದ ದಿನ, ಬಂದ ದಿನ, ಬಸ್ಸಿನ ಖರ್ಚು, ತಪ್ಪಿದ ಕೂಲಿ ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡಬೇಕೆಂದಿದ್ದೇನೆ. ಮುತ್ಯಾನ ಪ್ರಶ್ನೆಗೆ ಕೊಡಬೇಕಾದ ಅಂಕಿ ಅದರಲ್ಲಿ ಸಿಕ್ಕೀತು. ನಮ್ಮ ವಿಭಾಗದ ಇತರ ವಿದ್ಯಾರ್ಥಿಗಳೂ ತಂತಮ್ಮ ಊರಲ್ಲಿ ಹೀಗೆ ಬರೆದಿಟ್ಟರೆ ಮುಂದಿನ ಸಂಚಿಕೆಗೆ ಎಲ್ಲವನ್ನೂ ಕೂಡಿಸಿ ನೋಡಬಹುದು.